ಯಾರೂ ತೆರೆದು ನೋಡದ ಗೇರ್‌ಬಾಕ್ಸ್

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನೀಲಗಂಗಮ್ಮ ಎಂಬುವಳ ಖಾನಾವಳಿ ಇತ್ತು. ಊಟಕ್ಕೆ ಬರುವವರೆಲ್ಲ ಅವಳನ್ನು ನೀಲಕ್ಕ ಎನ್ನುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ರೊಟ್ಟಿ ಬಡಿದು, ಝುಣಕ ತಿರುವಿ, ಯಾರ ಮುಂದೂ ಕೈ ಚಾಚದೆ ತನ್ನ ಬದುಕನ್ನು ತಾನೇ ನೆಟ್ಟಗೆ ನಿಲ್ಲಿಸಿಕೊಂಡಿದ್ದಳು. ಅವಳಿಗೆ ಒಡವೆಯ ಆಸೆ ಇರಲಿಲ್ಲ, ಸೀರೆಯ ಆಸೆಯೂ ಇರಲಿಲ್ಲ. ಇದ್ದದ್ದು ಒಂದೇ ಆಸೆ, ದೊಡ್ಡ ಕಾರು ಓಡಿಸಬೇಕೆಂಬುದು. ಮದುವೆ ಮನೆಗಳಿಗೆ ಅಡುಗೆ ಸಾಗಿಸಲು ವ್ಯಾನು ಓಡಿಸುತ್ತಾ ಓಡಿಸುತ್ತಾ ಸ್ಟೇರಿಂಗಿನ ರುಚಿ ಹತ್ತಿಬಿಟ್ಟಿತ್ತು.

ಆ ಆಸೆಯೂ ಒಂದು ದಿನ ಕೈಗೂಡಿತು. ಊರು ಬಿಟ್ಟು ಹೋಗುತ್ತಿದ್ದ ಉದ್ಯಮಿಯೊಬ್ಬರ ಹಳೆಯ ವಿದೇಶಿ ಕಾರನ್ನು ನೀಲಕ್ಕ ಕೊಂಡಳು. ಬೂದು ಬಣ್ಣದ, ಉದ್ದ ಮೂತಿಯ ಗಾಡಿ. ಒಳಗೆ ಕೂತರೆ ಹೊರಗಿನ ಗದ್ದಲ ಕೇಳಿಸದು. ಕ್ಲಚ್ಚು ಒತ್ತುವ ಕೆಲಸವಿಲ್ಲ, ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ. ಅವಳು ಅದನ್ನು ಬೀದಿಯಲ್ಲಿ ತಂದು ನಿಲ್ಲಿಸಿದ ದಿನ ಜನ ಕೈಯಲ್ಲಿದ್ದ ಚಹಾ ಮರೆತು ನೋಡಿದರು.

ಅವಳ ತಮ್ಮ ಗುರುಸಿದ್ಧ ಮಾತ್ರ ಮೂಗು ಮುರಿದ. ಅಕ್ಕ ಆನೆ ತಂದು ಕಟ್ಟಿದ್ದಾಳೆ, ಇನ್ನು ಅದರ ಹೊಟ್ಟೆ ತುಂಬಿಸುವುದರಲ್ಲೇ ಖಾನಾವಳಿ ಮುಳುಗುತ್ತದೆ ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದ. ಆದರೆ ಅವನ ಮಗಳು ವಿನುತಾಳಿಗೆ ಅತ್ತೆಯ ಕಾರೆಂದರೆ ಪ್ರಾಣ. ಅವಳ ಮದುವೆ ಅಂಕೋಲಾದ ಬಟ್ಟೆ ವ್ಯಾಪಾರಿಗಳ ಮನೆಗೆ ನಿಶ್ಚಯವಾಗಿತ್ತು. ತಾನು ಮದುವೆಗೆ ಹೋಗುವುದು ಅತ್ತೆಯ ಕಾರಿನಲ್ಲೇ, ಅತ್ತೆಯೇ ಓಡಿಸಬೇಕು ಎಂದು ಹುಡುಗಿ ಹಟ ಹಿಡಿದಳು. ನೀಲಕ್ಕ ಸಂತೋಷದಿಂದ ಮಾತು ಕೊಟ್ಟಳು.

ಮದುವೆ ಹತ್ತಿರ ಬಂದಂತೆ ಕಾರು ಕೈಕೊಟ್ಟಿತು.

ಮೊದಲು ಸಿಗ್ನಲ್ಲಿನಲ್ಲಿ ಹೊರಡುವಾಗ ಒಂದು ಗಳಿಗೆ ತಡೆದು, ಆಮೇಲೆ ದಡಕ್ಕನೆ ಮುಂದೆ ಹಾರತೊಡಗಿತು. ಬಳಿಕ ಏರು ಬಂದರೆ ಇಂಜಿನ್ನು ಗುಡುಗುತ್ತಿತ್ತು, ಗಾಡಿ ಮಾತ್ರ ಏಳುತ್ತಿರಲಿಲ್ಲ. ಒಂದು ದಿನ ಉಣಕಲ್ಲಿನ ಹತ್ತಿರ ನಡುರಸ್ತೆಯಲ್ಲಿ ನಿಂತೇಬಿಟ್ಟಿತು. ಹಿಂದಿನವರ ಹಾರ್ನು, ಮುಂದಿನವರ ನಗೆ. ನೀಲಕ್ಕನ ಮುಖ ಕೆಂಪಾಯಿತು.

ಅವಳು ದೂರದ ದೊಡ್ಡ ಊರಿನ ಶೋರೂಮಿಗೆ ಫೋನು ಮಾಡಿದಳು. ಅಲ್ಲಿಯವನು ಗಾಡಿ ಯಾವ ವರ್ಷದ್ದು ಎಂದಷ್ಟೇ ಕೇಳಿದ. ಈ ಗೇರ್‌ಬಾಕ್ಸಿಗೆ ಹುಟ್ಟುವಾಗಲೇ ಎಣ್ಣೆ ಹಾಕಿ ಮುಚ್ಚಿರುತ್ತಾರೆ, ಅದು ಗಾಡಿಯ ಆಯುಷ್ಯ ಪೂರ್ತಿ ನಡೆಯುತ್ತದೆ, ಎಣ್ಣೆ ಅಳೆಯುವ ಕಡ್ಡಿಯೂ ಇಲ್ಲ, ನೋಡುವ ಅಗತ್ಯವೂ ಇಲ್ಲ, ಜಗ್ಗುತ್ತಿದೆ ಎಂದರೆ ಗೇರ್‌ಬಾಕ್ಸೇ ಹೋಗಿದೆ, ಹೊಸದು ಕೂರಿಸಬೇಕು ಎಂದ. ಸ್ಟೇಷನ್ ರಸ್ತೆಯ ಗ್ಯಾರೇಜಿನ ಮೇಸ್ತ್ರಿ ಕಾರಿನ ಸದ್ದು ಕೇಳಿ, ನಿಂತಲ್ಲಿಂದಲೇ ಕೈಯಾಡಿಸಿ ಅದನ್ನೇ ಹೇಳಿದ. ಹಳೆ ಗಾಡಿಗಳ ದಲ್ಲಾಳಿ ಮಲ್ಹಾರಿ ಹುಡುಕಿಕೊಂಡು ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ, ಗಾಲಿಗೆ ಒದ್ದ, ಇನ್ನು ಇದು ಗುಜರಿಗೆ ಮಾತ್ರ ಎಂದ. ನೀಲಕ್ಕನ ಮೇಲಿನ ಅಭಿಮಾನಕ್ಕೆ ಗುಜರಿ ಬೆಲೆ ಕೊಟ್ಟು ತಾನೇ ಒಯ್ಯುತ್ತೇನೆ ಎಂದೂ ಸೇರಿಸಿದ.

ಒಂದೆರಡು ದಿನದಲ್ಲಿ ಖಾನಾವಳಿಗೆ ಬರುವವರೆಲ್ಲ ಗೇರ್‌ಬಾಕ್ಸಿನ ಪಂಡಿತರಾದರು. ಪಲ್ಯ ಬಡಿಸಿಕೊಳ್ಳುತ್ತಾ ಒಬ್ಬ ಸಂತಾಪ ಸೂಚಿಸಿದ, ಮಜ್ಜಿಗೆ ಕುಡಿಯುತ್ತಾ ಇನ್ನೊಬ್ಬ ಬುದ್ಧಿ ಹೇಳಿದ. ಗುರುಸಿದ್ಧನಿಗಂತೂ ತನ್ನ ಮಾತು ನಿಜವಾಯಿತೆಂಬ ಹಿಗ್ಗು. ಮಲ್ಹಾರಿಗೆ ಕೊಟ್ಟು ಕೈ ತೊಳೆದುಕೋ ಎಂದು ಅಕ್ಕನ ಬೆನ್ನು ಹತ್ತಿದ.

ನೀಲಕ್ಕ ಎಲ್ಲರ ಮಾತು ಕೇಳಿದಳು. ಆಮೇಲೆ ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳಿದಳು.

"ತೆಗೆದು ನೋಡೀರೇನು?"

ಶೋರೂಮಿನವನು ಗಾಡಿಯನ್ನೇ ಕಂಡಿರಲಿಲ್ಲ. ಮೇಸ್ತ್ರಿ ಬಾನೆಟ್ಟನ್ನೂ ಎತ್ತಿರಲಿಲ್ಲ. ಮಲ್ಹಾರಿಗೆ ಮೇಸ್ತ್ರಿ ಹೇಳಿದ್ದ, ಗುರುಸಿದ್ಧನಿಗೆ ಮಲ್ಹಾರಿ ಹೇಳಿದ್ದ, ಊರಿಗೆ ಗುರುಸಿದ್ಧ ಹೇಳಿದ್ದ. ಇಷ್ಟು ಜನರಲ್ಲಿ ಒಬ್ಬನೂ ಗಾಡಿಯ ಕೆಳಗೆ ಬಗ್ಗಿರಲಿಲ್ಲ.

ನೀಲಕ್ಕ ಕಾರನ್ನು ಎಳೆಸಿಕೊಂಡು ಕಾರವಾರ ರಸ್ತೆಯ ಮಕ್ತುಂಸಾಬನ ಗ್ಯಾರೇಜಿಗೆ ಹೋದಳು. ಮಕ್ತುಂಸಾಬ ಹೆಸರುವಾಸಿ ಮೆಕ್ಯಾನಿಕ್ಕು. ಲಾರಿ, ಜೀಪು, ಟ್ರ್ಯಾಕ್ಟರುಗಳಲ್ಲಿ ಅವನ ಕೈ ಪಳಗಿತ್ತು. ಇಂಥ ಗಾಡಿ ಮಾತ್ರ ಅವನ ಗ್ಯಾರೇಜಿಗೆ ಬಂದದ್ದು ಇದೇ ಮೊದಲು. ಅವನು ತಲೆ ಕೆರೆದುಕೊಂಡ. ತೆಗೆಯುವುದೇನೋ ತೆಗೆಯಬಹುದು, ಆದರೆ ತಾನು ತೆಗೆದ ಮೇಲೆ ಗಾಡಿ ಪೂರ್ತಿ ಕೂತರೆ ಊರು ತನ್ನನ್ನೇ ಬೈಯುತ್ತದೆ ಎಂದ.

"ಬೈದರ ನನಗ ಬೈಲಿ, ಮಕ್ತುಮಣ್ಣ," ಎಂದಳು ನೀಲಕ್ಕ. "ತೆಗಿ ಅಂದಾಕಿ ನಾನು. ಒಳಗೇನೈತಿ ಅಂತ ಕಣ್ಣೀಲೆ ನೋಡಬೇಕು. ಹೋಗೇತಿ ಅಂದ್ರ ಹೋಗೇತಿ. ನೋಡದ ಮಾತ್ರ ಕೊಡಂಗಿಲ್ಲ."

ಮಕ್ತುಂಸಾಬ ಅಂಗಿಯ ತೋಳು ಮಡಚಿದ. ಗಾಡಿಯನ್ನು ಮೇಲೆತ್ತಿ ಕೆಳಗೆ ಹೋದ. ಹೋದವನು ಅಲ್ಲಿಂದಲೇ ನೀಲಕ್ಕನನ್ನು ಕರೆದ. ಗೇರ್‌ಬಾಕ್ಸಿನ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರಿನ ಅಂಚಿಗೆ ಜಿಡ್ಡು ಕಟ್ಟಿ, ಅದರ ಮೇಲೆ ಧೂಳು ಮೆತ್ತಿ ಕರಿ ಹೆಂಟೆಯಾಗಿತ್ತು. ಸಂದು ಮುಚ್ಚುವ ಪ್ಯಾಕಿಂಗು ಒಣಗಿ ಸೀಳಿಹೋಗಿತ್ತು. ಹನಿ ಹನಿಯಾಗಿ ಎಣ್ಣೆ ಎಂದಿನಿಂದಲೋ ಸೋರುತ್ತಿತ್ತು. ಆಯುಷ್ಯ ಪೂರ್ತಿ ಇರಬೇಕಾದ ಎಣ್ಣೆ ದಾರಿಯುದ್ದಕ್ಕೂ ಚೆಲ್ಲಿಹೋಗಿತ್ತು.

ಅವನು ಬೋಲ್ಟು ಬಿಚ್ಚಿದ. ಕೆಂಪಗಿರಬೇಕಾದ ಎಣ್ಣೆ ಕರ್ರಗೆ, ಅದೂ ಸ್ವಲ್ಪವೇ ಇಳಿಯಿತು. ಮೂಸಿ ನೋಡಿದ ನೀಲಕ್ಕ ಮುಖ ಹಿಂಡಿದಳು. ಮತ್ತೆ ಮತ್ತೆ ಕಾಯಿಸಿ ಕೆಟ್ಟ ಎಣ್ಣೆಯ ಕಮಟು ಅವಳಿಗೆ ಹೊಸದಲ್ಲ. ಇಂಥ ಎಣ್ಣೆಯನ್ನು ಅವಳು ತನ್ನ ಬಾಣಲೆಯಲ್ಲಿ ಒಂದು ದಿನವೂ ಉಳಿಸಿಕೊಂಡವಳಲ್ಲ.

ಆಮೇಲೆ ಮಕ್ತುಂಸಾಬ ಚೇಂಬರು ಇಳಿಸಿ, ಅದರ ತಳದಲ್ಲಿದ್ದ ಅಯಸ್ಕಾಂತವನ್ನು ಬೆಳಕಿಗೆ ಹಿಡಿದ. ಒಳಗಿನ ಗೇರಿನ ಹಲ್ಲು ಮುರಿದಿದ್ದರೆ ಅದರ ಚೂರುಗಳು ಇಲ್ಲಿ ಅಂಟಿಕೊಂಡಿರುತ್ತವೆ ಎಂದು ವಿವರಿಸಿದ. ನೀಲಕ್ಕ ಹತ್ತಿರ ಬಂದು ಬಗ್ಗಿದಳು. ಅವನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಕಾಡಿಗೆಯಂಥ ನುಣ್ಣನೆಯ ಬೂದು ಹಿಟ್ಟು ಬಂತು. ಚೂರು ಒಂದೂ ಇರಲಿಲ್ಲ.

"ನೀಲಕ್ಕಾರ," ಎಂದ ಮಕ್ತುಂಸಾಬ, "ನಿಮ್ಮ ಗೇರ್‌ಬಾಕ್ಸ್ ಸತ್ತಿಲ್ರಿ. ಹಸಿದೈತಿ."

ಆ ಗಾಡಿಗೆ ಒಪ್ಪುವ ಎಣ್ಣೆ, ಹೊಸ ಫಿಲ್ಟರು, ಹೊಸ ಪ್ಯಾಕಿಂಗು ಎಲ್ಲವನ್ನೂ ಪುಣೆಯಿಂದ ತರಿಸಿದರು. ಯಾವುದೋ ಎಣ್ಣೆ ಸುರಿದರೆ ನಡೆದೀತು ಎಂದು ಸಲಹೆ ಕೊಟ್ಟವರು ಇದ್ದರು, ನೀಲಕ್ಕ ಒಪ್ಪಲಿಲ್ಲ. ಸಾಮಾನು ಬಂದ ದಿನ ಮಕ್ತುಂಸಾಬ ಚೇಂಬರನ್ನು ತೊಳೆದು ಕೂರಿಸಿದ. ಪಕ್ಕದ ತೂತಿನಿಂದ ಹೊಸ ಎಣ್ಣೆ ತುಂಬಿದ. ತುಂಬಿ ಹೊರಗೆ ಹರಿಯತೊಡಗಿದಾಗ, ಸಾಕು ಎಂದು ಮುಚ್ಚಳ ಬಿಗಿದ. ಸುದ್ದಿ ಹರಡಿ ಜನ ಸೇರಿತ್ತು. ಗುರುಸಿದ್ಧ ಬಂದಿದ್ದ. ಮಲ್ಹಾರಿ ಎಳೆಯುವ ಗಾಡಿಯನ್ನೇ ತಂದಿದ್ದ.

ನೀಲಕ್ಕ ಕಾರು ಹತ್ತಿ ಗೇಟು ದಾಟಿದಳು. ಕಾರು ತಡೆದು ನಿಂತಿತು, ದಡಕ್ಕನೆ ಹಾರಿತು, ಮತ್ತೆ ನಿಂತಿತು.

ಜನ ಗೊಳ್ಳೆಂದು ನಕ್ಕರು. ಮಲ್ಹಾರಿ ಹಗ್ಗ ಬಿಚ್ಚತೊಡಗಿದ, ಮೊದಲು ಹೇಳಿದ್ದಕ್ಕಿಂತ ಕಡಿಮೆ ಬೆಲೆಗೆ ಕೇಳಿದ. ಗುರುಸಿದ್ಧ ಅಕ್ಕನ ಹತ್ತಿರ ಬಂದು, ಈಗಲಾದರೂ ಕೇಳು, ನೋಡಿದ್ದಾಯಿತಲ್ಲ ಎಂದ. ಮಕ್ತುಂಸಾಬ ತಲೆ ತಗ್ಗಿಸಿ ನಿಂತಿದ್ದ.

ಕೊಟ್ಟುಬಿಡಲೇ ಎಂದು ನೀಲಕ್ಕನಿಗೆ ಒಂದು ಗಳಿಗೆ ಅನಿಸಿತು. ಆದರೆ ಅಯಸ್ಕಾಂತಕ್ಕೆ ಅಂಟಿದ್ದ ಆ ನುಣ್ಣನೆಯ ಹಿಟ್ಟನ್ನು ಅವಳು ಕಣ್ಣಾರೆ ಕಂಡಿದ್ದಳು. ಕಂಡದ್ದು ಸುಳ್ಳಾಗಲಾರದು. ಹಾಗಾದರೆ ನೋಡುವುದರಲ್ಲೇ ಎಲ್ಲೋ ಒಂದು ಕಡೆ ತಪ್ಪಿದ್ದೇವೆ.

ಅವಳು ಕಾರಿನಿಂದಿಳಿದು ಮಲ್ಹಾರಿಗೆ ಹಗ್ಗ ಸುತ್ತಿಕೊಳ್ಳಲು ಹೇಳಿದಳು. ಆಮೇಲೆ ಮಕ್ತುಂಸಾಬನನ್ನು ಒಂದು ಬದಿಗೆ ಕರೆದು, ಇಂಥ ಗಾಡಿಗಳನ್ನೇ ನೋಡುವ ಗುರುತಿನವರು ಯಾರಿದ್ದಾರೆ ಎಂದು ಕೇಳಿದಳು. ಎಣ್ಣೆ ಕಳಿಸಿದ ಪುಣೆಯವನಿದ್ದ. ಆದರೆ ಇಷ್ಟು ವರ್ಷ ಗ್ಯಾರೇಜು ನಡೆಸಿ, ಇಷ್ಟು ಜನರ ಮುಂದೆ, ನನಗೆ ಗೊತ್ತಾಗಲಿಲ್ಲ ಎಂದು ಫೋನು ಮಾಡಲು ಮಕ್ತುಂಸಾಬನಿಗೆ ನಾಲಿಗೆ ಏಳಲಿಲ್ಲ. ಕಡೆಗೆ ಅವನು ಬಿಗುಮಾನ ಬದಿಗಿಟ್ಟು ಫೋನು ಹಚ್ಚಿದ.

ಆ ಕಡೆಯವನು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ. ಎಣ್ಣೆಯ ಮಟ್ಟ ನೋಡುವಾಗ ಇಂಜಿನ್ನು ಚಾಲೂ ಇತ್ತೋ, ಬಂದ್ ಇತ್ತೋ?

ಮಕ್ತುಂಸಾಬ ಹಣೆ ಬಡಿದುಕೊಂಡ. ಕೈಗೇರಿನ ಗಾಡಿಗಳಿಗೆ ಇಂಜಿನ್ನು ಬಂದ್ ಮಾಡಿಯೇ ಎಣ್ಣೆ ತುಂಬುವುದು. ಜೀವನವಿಡೀ ಅದನ್ನೇ ಮಾಡಿದ ಕೈ ಇಲ್ಲಿಯೂ ಅದನ್ನೇ ಮಾಡಿತ್ತು. ಈ ಗಾಡಿಯ ಬಗೆ ಬೇರೆ. ಇಂಜಿನ್ನು ಬಂದ್ ಇದ್ದಾಗ ಎಣ್ಣೆಯೆಲ್ಲ ತಳಕ್ಕಿಳಿದು ತುಂಬಿದಂತೆ ಕಾಣುತ್ತದೆ. ಚಾಲೂ ಆದೊಡನೆ ಒಳಗಿನ ಪಂಪು ಅದನ್ನು ಮೇಲಕ್ಕೆ ಹೀರಿಕೊಂಡು ತಳ ಬರಿದಾಗುತ್ತದೆ. ಗಾಡಿ ಸಮನೆಲದಲ್ಲಿ ನಿಂತಿರಬೇಕು, ಇಂಜಿನ್ನು ಓಡುತ್ತಿರಬೇಕು, ಎಲ್ಲ ಗೇರುಗಳನ್ನೂ ಒಮ್ಮೆ ಹಾಕಿ ತೆಗೆದಿರಬೇಕು, ಎಣ್ಣೆ ಹದವಾಗಿ ಬೆಚ್ಚಗಾಗಿರಬೇಕು. ಆಗ ತೂತಿನಿಂದ ಸಣ್ಣ ಧಾರೆ ಹರಿದು, ಹನಿ ಹನಿಯಾಗಿ ನಿಲ್ಲುತ್ತಾ ಬಂದರೆ, ಅದು ಸರಿಯಾದ ಮಟ್ಟ.

ಗಾಡಿ ಮತ್ತೆ ಮೇಲೇರಿತು. ನೀಲಕ್ಕ ಸೀಟಿನಲ್ಲಿ ಕೂತು ಬ್ರೇಕು ಒತ್ತಿಹಿಡಿದು, ಮಕ್ತುಂಸಾಬ ಹೇಳಿದಂತೆ ಒಂದೊಂದೇ ಗೇರು ಹಾಕಿ ತೆಗೆದಳು. ಮುಚ್ಚಳ ಬಿಚ್ಚಿದರೆ ಒಂದು ಹನಿಯೂ ಬೀಳಲಿಲ್ಲ. ಮಕ್ತುಂಸಾಬ ಎಣ್ಣೆ ತುಂಬುತ್ತಾ ಹೋದ. ಗೇರ್‌ಬಾಕ್ಸು ಬಹಳ ದಿನದ ಬಾಯಾರಿಕೆಯವರಂತೆ ಕುಡಿಯುತ್ತಲೇ ಹೋಯಿತು. ಕಡೆಗೆ ಕೆಂಪನೆಯ ಧಾರೆಯೊಂದು ಹೊರಬಂತು, ತೆಳುವಾಯಿತು, ತೊಟ್ಟಿಕ್ಕಿತು. ಅವನು ಮುಚ್ಚಳ ಬಿಗಿದು, ನೀಲಕ್ಕನಿಗೆ ಗೇಟು ತೋರಿಸಿದ.

ಕಾರು ಹೊರಟಿತು. ತಡೆಯಲಿಲ್ಲ, ಹಾರಲಿಲ್ಲ. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಗೇರು ಬದಲಾಯಿತು. ನೀಲಕ್ಕ ನೃಪತುಂಗ ಬೆಟ್ಟದ ಏರನ್ನು ಒಂದೇ ಉಸಿರಿಗೆ ಹತ್ತಿ, ಮೇಲಿನಿಂದ ಊರನ್ನೊಮ್ಮೆ ಕಣ್ತುಂಬ ನೋಡಿ, ಇಳಿದು ಬಂದಳು. ಗ್ಯಾರೇಜಿನ ಮುಂದೆ ನಕ್ಕವರೇ ಈಗ ದಾರಿ ಬಿಟ್ಟು ನಿಂತಿದ್ದರು. ಮಲ್ಹಾರಿಯ ಎಳೆಯುವ ಗಾಡಿ ಎಲ್ಲೂ ಕಾಣಲಿಲ್ಲ.

ಆದರೂ ಮದುವೆಗೆ ಹೊರಡುವ ದಿನ ಗುರುಸಿದ್ಧ ತಕರಾರು ತೆಗೆದ. ಬೆಟ್ಟದ ಮಾತು ಬೇರೆ, ಅಂಕೋಲಾ ದಾರಿಯ ಅರಬೈಲು ಘಟ್ಟದ ಮಾತು ಬೇರೆ, ಮದುಮಗಳನ್ನು ಇದರಲ್ಲಿ ಕೂರಿಸಿ ನಡುದಾರಿಯಲ್ಲಿ ನಿಂತರೆ ಬೀಗರ ಮುಂದೆ ಮಾನ ಹೋಗುತ್ತದೆ ಎಂದ. ವಿನುತಾ ಅಪ್ಪನಿಗೆ ಎಂದೂ ಎದುರಾಡಿದವಳಲ್ಲ. ಅಂದು ಮಾತ್ರ ಸೆರಗು ಸಾವರಿಸಿಕೊಂಡು ಕಾರಿನ ಬಾಗಿಲು ತೆಗೆದು ಒಳಗೆ ಕೂತಳು.

"ಅತ್ತಿ ತೆಗೆದು ನೋಡ್ಯಾಳ, ಅಪ್ಪಾ," ಎಂದಳು. "ಉಳಿದ ಯಾ ಗಾಡೀನೂ ಯಾರೂ ನೋಡಿಲ್ಲ."

ಮಗಳೊಬ್ಬಳನ್ನೇ ಬಿಡಲಾರದೆ ಗುರುಸಿದ್ಧ ತಾನೂ ಮುಂದಿನ ಸೀಟಿನಲ್ಲಿ ಕೂತ. ಘಟ್ಟದ ಇಳಿಜಾರಿನುದ್ದಕ್ಕೂ ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದೇ ಇದ್ದ. ಕಾರು ತಿರುವು ತಿರುವಿನಲ್ಲೂ ಹದವರಿತು ನಿಧಾನಿಸಿ, ಅಂಕೋಲಾ ತಲುಪಿತು. ಬೀಗರು ವಾದ್ಯದೊಡನೆ ಎದುರುಗೊಂಡರು. ಮದುಮಗಳನ್ನು ಕರೆತಂದ ಡ್ರೈವರು ಅವಳ ಸೋದರತ್ತೆಯೇ ಎಂದು ತಿಳಿದಾಗ ಬೀಗಿತ್ತಿ ಬಂದು ನೀಲಕ್ಕನ ಕೈಹಿಡಿದು ಒಳಗೆ ಕರೆದೊಯ್ದಳು.

ನಿಜವಾದ ಪರೀಕ್ಷೆ ಬಂದದ್ದು ಮದುವೆ ಮುಗಿಸಿ, ಹೊಸ ಜೋಡಿಯನ್ನು ತವರಿಗೆ ಕರೆತರುವಾಗ. ಗಾಡಿ ತುಂಬ ಜನ, ಡಿಕ್ಕಿ ತುಂಬ ಸಾಮಾನು, ಎದುರಿಗೆ ಅರಬೈಲಿನ ಏರು. ಮುಂದೆ ಭಾರದ ಲಾರಿಗಳು ನರಳುತ್ತಾ ಹತ್ತುತ್ತಿದ್ದವು. ನೀಲಕ್ಕ ದಾರಿ ಸಿಕ್ಕಲ್ಲಿ ಕಾಲನ್ನು ಮೆಲ್ಲಗೆ ಒತ್ತಿದಳು. ಗೇರು ಯಾವಾಗ ಬದಲಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಕಾರು ಲಾರಿಗಳನ್ನು ದಾಟಿ, ತಿರುವುಗಳನ್ನು ಸುತ್ತಿ, ಒಮ್ಮೆಯೂ ಮುಗ್ಗರಿಸದೆ ಘಟ್ಟದ ನೆತ್ತಿಗೆ ಬಂತು. ಹಿಂದೆ ಕೂತವರು ಚಪ್ಪಾಳೆ ತಟ್ಟಿದರು. ಗುರುಸಿದ್ಧನ ಕೈ ಆಗಲೇ ಹಿಡಿಯನ್ನು ಬಿಟ್ಟಿತ್ತು. ಅವನು ತಲೆ ಹಿಂದಕ್ಕೆ ಒರಗಿಸಿ ಗೊರಕೆ ಹೊಡೆಯುತ್ತಿದ್ದ.

ಹುಬ್ಬಳ್ಳಿಗೆ ಬಂದಾಗ ಎಚ್ಚರಗೊಂಡು ಕಣ್ಣುಜ್ಜಿಕೊಂಡ. ಓಣಿಯ ತುದಿಯಲ್ಲಿ ಇಳಿಸಲೇ ಎಂದು ಅಕ್ಕ ಕೇಳಿದಳು. ಬೇಡ, ಮನೆಯ ಬಾಗಿಲಿಗೇ ಒಯ್ದು ನಿಲ್ಲಿಸು, ಓಣಿಯವರೆಲ್ಲ ನೋಡಲಿ ಎಂದ. ನೀಲಕ್ಕ ನಕ್ಕು, ಕಿರಿದಾದ ಆ ಓಣಿಯೊಳಗೆ ದೊಡ್ಡ ಕಾರನ್ನು ರಾಣಿಯಂತೆ ನಡೆಸಿಕೊಂಡು ಹೋದಳು.

ನೀತಿ: ಕಂಡವರು ಯಾರೂ ಇಲ್ಲದಿದ್ದರೂ ಹೇಳುವವರು ಹಲವರಿರುತ್ತಾರೆ. ಅವರ ಮಾತು ನಂಬಿ ಯಾವುದನ್ನೂ ಬಿಟ್ಟುಕೊಡಬೇಡಿ, ತೆರೆದು ನಿಮ್ಮ ಕಣ್ಣಿನಿಂದಲೇ ನೋಡಿ. ಒಮ್ಮೆ ನೋಡಿ ಸೋತರೆ ನಾಚದೆ ಬಲ್ಲವರನ್ನು ಕೇಳಿ, ಸರಿಯಾದ ಬಗೆಯಲ್ಲಿ ಇನ್ನೊಮ್ಮೆ ನೋಡಿ. ಮುಗಿದುಹೋಯಿತು ಎಂದುಕೊಂಡದ್ದು ಎಷ್ಟೋ ಸಲ ಆರೈಕೆಯಿಲ್ಲದೆ ಸೊರಗಿರುತ್ತದೆ, ಅಷ್ಟೆ.