ಕೊಳದ ನೀರು ಬಿಸಿಯಾದ ಮೇಲೆ

"ಅವ್ವಾ, ನಾನು ಜನರಿಗೆ ಧ್ಯಾನ ಹೇಳಿಕೊಡಲೋ, ಭಜನೆ ಮಾಡಿಸಲೋ?"

ಹೀಗೆಂದು ಕೇಳಿದವನು ಚೆನ್ನವೀರ. ಆಶ್ರಮದ ಅವ್ವ ಜನರಿಗೆ ಸಾಧನೆ ಕಲಿಸಲೆಂದು ಅವನನ್ನು ಕಲ್ಲಹಾಳ ಎಂಬ ಊರಿಗೆ ಕಳಿಸಿ ಎರಡು ತಿಂಗಳಾಗಿತ್ತು. ಮೊದಮೊದಲು ಗುಡಿಯ ಕಟ್ಟೆ ತುಂಬ ಜನ ಕೂತಿದ್ದರು. ಬರಬರುತ್ತ ಅರ್ಧವಾದರು. ಈಗ ಅವನೊಬ್ಬನೇ ಚಾಪೆ ಹಾಸಿ, ಅವನೊಬ್ಬನೇ ಸುತ್ತಿಡುತ್ತಿದ್ದ.

"ಧ್ಯಾನದ ಕಾವು ನಿಧಾನಕ್ಕೆ ಏರುತ್ತದೆ, ಏರಿದರೆ ನಿಲ್ಲುತ್ತದೆ. ಭಜನೆಯ ಕಾವು ಬೇಗ ಏರುತ್ತದೆ, ಮನೆ ಸೇರುವಷ್ಟರಲ್ಲಿ ಆರಿಹೋಗುತ್ತದೆ. ಯಾವುದು ಸರಿ ಎಂದು ನೀವು ಹೇಳಿದರೆ ನಾಳೆಯೇ ಹೋಗಿ ಅದನ್ನೇ ಮಾಡುತ್ತೇನೆ. ಇಲ್ಲವಾದರೆ ಆ ಊರು ಬಿಟ್ಟು ಬರುವುದೇ ಗತಿ."

ಅವ್ವ ದೀಪದ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸದೆ, "ಬಿಟ್ಟು ಬರುವುದು ಇದ್ದೇ ಇದೆ. ಮೊದಲು ಕೂತುಕೋ, ಒಂದು ಕತೆ ಕೇಳು" ಎಂದರು.

ಒಂದು ಪೇಟೆಯಲ್ಲಿ ಒಬ್ಬ ಹತ್ತಿ ವ್ಯಾಪಾರಿ ಇದ್ದನಪ್ಪ. ಮನೆಯ ಹಿತ್ತಲಲ್ಲಿ ಮೊಮ್ಮಕ್ಕಳಿಗೆಂದು ಈಜುಕೊಳ ಕಟ್ಟಿಸಿದ್ದ. ಮೊಮ್ಮಕ್ಕಳು ಬೇಸಿಗೆಯ ರಜೆಯಲ್ಲಿ ಬಂದು ನೀರು ಕಲಕಿ ಹೋಗುತ್ತಿದ್ದವು. ಉಳಿದ ದಿನ ಅದರಲ್ಲಿ ಬೇವಿನ ಎಲೆ ಈಜುತ್ತಿತ್ತು.

ಅವನ ಹೆಂಡತಿ ನೀಲಮ್ಮ. ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು. ಮೊಣಕಾಲು ಮಾತ್ರ ಬಡಿಗೆಯ ಹಾಗೆ ಸೆಟೆದು ಕೂತಿತು. ಡಾಕ್ಟರು ಹೇಳಿದರು: "ಬೆಚ್ಚಗಿನ ನೀರಿನಲ್ಲಿ ಎದೆಮಟ್ಟ ನಿಲ್ಲಿಸಿ ದಿನಾ ನಡೆಸಿ. ದೀಪಾವಳಿಯೊಳಗೆ ಕಾಲು ಮಡಚಲೇಬೇಕು. ಆಮೇಲೆ ಕೀಲು ಗಟ್ಟಿಯಾದರೆ ನಾನೂ ಏನೂ ಮಾಡಲಾರೆ."

ನೀಲಮ್ಮನಿಗೆ ಇದ್ದದ್ದು ಒಂದೇ ಆಸೆ. ಮೊದಲಿನಂತೆ ಒಲೆಯ ಮುಂದೆ ನೆಲಕ್ಕೆ ಕೂತು ರೊಟ್ಟಿ ಬಡಿಯಬೇಕು. ನಿಂತು ಬಡಿದದ್ದು ಅವಳ ಮಟ್ಟಿಗೆ ರೊಟ್ಟಿಯೇ ಅಲ್ಲ.

ಕೊಳವೇನೋ ಮನೆಯಲ್ಲೇ ಇತ್ತು. ಆದರೆ ಮಳೆಗಾಲದ ನೀರು, ಕಾಲಿಟ್ಟರೆ ಜುಮ್ಮೆನ್ನುತ್ತಿತ್ತು. ಅದನ್ನು ಕಾಯಿಸುವುದು ಹೇಗೆ ಎಂದು ಮನೆಯಲ್ಲಿ ಮಾತು ಎದ್ದಿತು.

ವ್ಯಾಪಾರಿಯ ತಮ್ಮ ಹೇಳಿದ: "ಅಣ್ಣಾ, ಸೋಲಾರ್ ಹಾಕಿಸು. ತಾರಸಿಯ ಮೇಲೆ ಕರಿ ಕೊಳವೆ ಹಾಸುತ್ತಾರೆ. ಪಂಪು ಕೊಳದ ನೀರನ್ನು ಮೇಲಕ್ಕೆ ತಳ್ಳುತ್ತದೆ, ಅದು ಬಿಸಿಲಿಗೆ ಕಾದು ಕೆಳಗೆ ಬರುತ್ತದೆ. ಸೂರ್ಯ ಯಾರಿಗೂ ಬಿಲ್ಲು ಕಳಿಸಿದವನಲ್ಲ."

ಮಗ ಹೇಳಿದ: "ಸೂರ್ಯ ರಜೆ ಹಾಕಿದರೆ ಏನು ಮಾಡುತ್ತೀ ಕಾಕಾ? ಅಪ್ಪಾ, ಕರೆಂಟಿನ ಹೀಟರ್ ಕೂರಿಸೋಣ. ಗುಂಡಿ ಒತ್ತಿದರೆ ಮುಗಿಯಿತು."

"ನಮ್ಮ ಲೈನ್‌ಮನ್‌ಗಿಂತ ಸೂರ್ಯನೇ ಕಡಿಮೆ ರಜೆ ಹಾಕುತ್ತಾನೆ ಮಗನೇ" ಎಂದ ತಮ್ಮ.

ವ್ಯಾಪಾರಿ ಇಬ್ಬರ ಮಾತನ್ನೂ ಒಪ್ಪಲಿಲ್ಲ, ತಳ್ಳಲೂ ಇಲ್ಲ. ಹತ್ತಿ ಕೊಳ್ಳುವಾಗ ಅದನ್ನು ತುಂಬಿದ ಅಂಡಿಗೆಯ ನಡುವೆ ಕೈ ತೂರಿಸಿ, ಎಳೆ ಎಳೆದು ನೋಡಿಯೇ ಮಾತಾಡುವವನು ಅವನು. ಇಲ್ಲಿಯೂ ಹಾಗೇ ಮಾಡಿದ. ಸೋಲಾರ್ ಹಾಕಿಸಿದ್ದವರ ಮನೆಗೆ ಹೋಗಿ ನೀರಿಗೆ ಮೊಣಕೈ ಅದ್ದಿ ನೋಡಿದ. ಕರೆಂಟು ಹಾಕಿಸಿದ್ದವರ ಮನೆಗೆ ಹೋಗಿ ಅಲ್ಲಿಯೂ ಅದ್ದಿದ. ಎಷ್ಟು ಹೊತ್ತಿಗೆ ಕಾಯುತ್ತದೆ, ಎಷ್ಟು ಹೊತ್ತಿಗೆ ಆರುತ್ತದೆ, ಎಲ್ಲ ಕೇಳಿದ. ಪ್ರತಿ ಸಂಜೆ ಮನೆಗೆ ಬಂದು ಅಂಗಿಯ ತೋಳು ಹಿಂಡಿಕೊಳ್ಳುತ್ತಿದ್ದ. ಹೀಗೆ ಶ್ರಾವಣ ಕಳೆಯಿತು. ಕೊನೆಗೆ ಸೋಲಾರ್ ಹಾಕಿಸಿದ.

ನೀರು ಚೆನ್ನಾಗಿ ಕಾಯಿತು. ಮಧ್ಯಾಹ್ನ ಮೂರಕ್ಕೆಲ್ಲ ಎಳೆಗೂಸಿಗೆ ಎರೆಯುವ ಹದಕ್ಕೆ ಬರುತ್ತಿತ್ತು. ನೀಲಮ್ಮನನ್ನು ಕೈ ಹಿಡಿದು ಕರೆದುಕೊಂಡು ಬಂದ. ಅವಳು ದಂಡೆಯ ಮೇಲೆ ಕುರ್ಚಿ ಹಾಕಿಸಿ ಕೂತಳು, ಒಂದು ಪಾದ ಅದ್ದಿದಳು.

"ಬಿಸಿಯಾಗಿದೆಯಾ?"

"ಬಿಸಿಯಾಗಿದೆ."

"ಮತ್ತೆ ಇಳಿ."

"ನಾಳೆ ಇಳಿಯುತ್ತೇನೆ."

ನಾಳೆ ಸೋಮವಾರದ ಉಪವಾಸ ಬಂತು. ಮರುದಿನ ತಲೆನೋವು ಬಂತು. ಅಷ್ಟರಲ್ಲಿ ಮೋಡ ಕವಿದು ನೀರು ತಣ್ಣಗಾಯಿತು. "ನಾನು ಹೇಳಿರಲಿಲ್ಲವಾ?" ಎಂದ ಮಗ. ಅಮ್ಮ ಇಳಿಯದಿರುವುದು ಮೋಡದಿಂದಲೇ ಎಂದು ಎಲ್ಲರೂ ತಿಳಿದರು. ವ್ಯಾಪಾರಿ ಕರೆಂಟಿನ ಹೀಟರನ್ನೂ ಕೂರಿಸಿದ. ಈಗ ಬೆಳಗಿನ ಜಾವದಲ್ಲೇ ನೀರಿನ ಮೇಲೆ ಹಬೆ ಆಡತೊಡಗಿತು. ಮೋಡವಿದ್ದರೂ ಬಿಸಿ, ಬಿಸಿಲಿದ್ದರೂ ಬಿಸಿ. ನೀಲಮ್ಮ ಮಾತ್ರ ಅದೇ ಕುರ್ಚಿಯಲ್ಲಿ ಕೂತು ಅದೇ ಪಾದ ಅದ್ದುತ್ತಿದ್ದಳು.

ದಸರೆ ಬಂತು. ಡಾಕ್ಟರು ಕಾಲು ಮುಟ್ಟಿ ನೋಡಿ ಮುಖ ಸಣ್ಣದು ಮಾಡಿದರು. "ಇನ್ನು ಉಳಿದಿರುವುದು ಮೂರು ವಾರ" ಎಂದರು. ಅವತ್ತು ವ್ಯಾಪಾರಿಗೆ ತಡೆಯಲಾಗಲಿಲ್ಲ.

"ಸೂರ್ಯನನ್ನೂ ತಂದು ನಿಲ್ಲಿಸಿದೆ, ಕರೆಂಟನ್ನೂ ತಂದು ನಿಲ್ಲಿಸಿದೆ. ಇನ್ನೇನು ತರಲಿ? ನಿನಗೇ ನಡೆಯುವ ಮನಸ್ಸಿಲ್ಲ" ಎಂದ.

ನೀಲಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಹಬ್ಬಕ್ಕೆಂದು ಅವಳ ತಂಗಿ ಬಂದಿದ್ದಳು. ಮರುದಿನ ಮಧ್ಯಾಹ್ನ ಅಕ್ಕನ ಪಕ್ಕದಲ್ಲೇ ದಂಡೆಯ ಮೇಲೆ ಕೂತು ತಾನೂ ಕಾಲು ಇಳಿಬಿಟ್ಟಳು.

"ನೀರು ಇಷ್ಟು ಹಿತವಾಗಿದೆ, ಯಾಕೆ ಇಳಿಯುವುದಿಲ್ಲ ಅಕ್ಕಾ? ಮೀನು ಕಚ್ಚುತ್ತದಾ?"

ನೀಲಮ್ಮ ನಗಲಿಲ್ಲ. ಗದ್ದವೆತ್ತಿ ಮೇಲೆ ತೋರಿಸಿದಳು. ಮೂರೂ ಕಡೆ ನೆರೆಮನೆಗಳ ತಾರಸಿ. ಒಂದರ ಮೇಲೆ ಹುಡುಗರು ಗಾಳಿಪಟ ಹಾರಿಸುತ್ತಿದ್ದರು. ಇನ್ನೊಂದರ ಮೇಲೆ ಒಬ್ಬ ಗಂಡಸು ಒಣಗಿದ ಬಟ್ಟೆ ತೆಗೆಯುತ್ತಿದ್ದ.

"ಬೆಳಿಗ್ಗೆಯಾದರೆ ಆ ಮನೆಯ ಯಜಮಾನರು ಅಲ್ಲೇ ಅಡ್ಡಾಡುತ್ತಾರೆ. ನೀರಿಗೆ ಇಳಿದರೆ ಸೀರೆ ಮೈಗೆ ಅಂಟುತ್ತದೆ. ಏಳುವಾಗ ಇಬ್ಬರು ಹಿಡಿದು ಎತ್ತಬೇಕು. ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ ನಾನು. ಈ ವಯಸ್ಸಿನಲ್ಲಿ ಊರಿಗೆಲ್ಲ ಮೈ ತೋರಿಸಿಕೊಂಡು ಒದ್ದಾಡಲಾ?"

"ಭಾವನಿಗೆ ಒಂದು ಮಾತು ಹೇಳಬಾರದಾಗಿತ್ತಾ?"

"ಮನೆಯ ಗಂಡಸರೆಲ್ಲ ಕೂಡಿ ನಿಂತಿರುವಾಗ ಈ ಮಾತು ಹೇಗೆ ಹೇಳಲಿ? ಅವರು ಕೇಳಿದ್ದು ನೀರು ಬಿಸಿಯಾಗಿದೆಯಾ ಎಂದು. ಬಿಸಿಯಾಗಿದೆ ಎಂದೆ."

ತಂಗಿ ಎದ್ದು ಸೀದಾ ವ್ಯಾಪಾರಿಯ ಹತ್ತಿರ ಹೋದಳು. "ಭಾವ, ಕಾವು ಮಾಡಿದಿರಿ, ಮರೆ ಮಾಡಲಿಲ್ಲ" ಎಂದಳು.

ವ್ಯಾಪಾರಿ ಹಿತ್ತಲಿಗೆ ಬಂದು ನಿಂತ. ಅಷ್ಟು ದಿನ ಅವನು ಆ ನೀರನ್ನು ನೋಡಿದ್ದನೇ ಹೊರತು ಅದರ ಸುತ್ತ ಕತ್ತೆತ್ತಿ ನೋಡಿರಲಿಲ್ಲ. ಅಲ್ಲಿಂದಲೇ ಅಂಗಡಿಗೆ ಹೋದ. ಹತ್ತಿಯ ಅಂಡಿಗೆಗಳಿಗೆ ಹೊದಿಸುವ ತಾಡಪಾಲುಗಳನ್ನು ಗಾಡಿಯಲ್ಲಿ ಹೇರಿಸಿ ತಂದ. ಬಿದಿರು ನೆಟ್ಟು, ಮದುವೆಯ ಮನೆಗೆ ಹಾಕುವ ಹಾಗೆ ಕೊಳಕ್ಕೆ ಹಂದರ ಹಾಕಿಸಿದ. ಸುತ್ತಲೂ ಮರೆ ಕಟ್ಟಿಸಿದ. ಅದಕ್ಕೆ ಹಿಡಿದದ್ದು ಅರ್ಧ ದಿನ.

ಮರುದಿನ ಸಂಜೆ ನೀಲಮ್ಮ ತಂಗಿಯ ಭುಜ ಹಿಡಿದು ನೀರಿಗೆ ಇಳಿದಳು. ಹೊರಗೆ ನಿಂತಿದ್ದ ವ್ಯಾಪಾರಿಗೆ ಒಳಗೆ ಅಕ್ಕತಂಗಿಯರು ನಗುವುದು ಕೇಳಿಸಿತು. ಆಮೇಲೆ ಒಂದು ದಿನವೂ ಅವಳು ತಪ್ಪಿಸಲಿಲ್ಲ. ದೀಪಾವಳಿಗೆ ಕಾಲು ಅರ್ಧ ಮಡಚಿತು. ಇನ್ನರ್ಧ ಕೊನೆಗೂ ಮಡಚಲಿಲ್ಲ. ಈಗಲೂ ಅವಳು ಗಿಡ್ಡ ಮಣೆಯೊಂದನ್ನು ಹಾಕಿಕೊಂಡು, ಒಂದು ಕಾಲು ಚಾಚಿ ಕೂತು ರೊಟ್ಟಿ ಬಡಿಯುತ್ತಾಳೆ. ನೆಲಕ್ಕೆ ಕೂರಲಾಗುವುದಿಲ್ಲ.

ಅವ್ವ ಕತೆ ನಿಲ್ಲಿಸಿದರು. ಚೆನ್ನವೀರ ಕೇಳಿದ:

"ಅವ್ವಾ, ಕೊನೆಗೆ ಯಾವುದು ಮೇಲಾಯಿತು? ಸೂರ್ಯನದೋ, ಕರೆಂಟಿನದೋ?"

"ನಮ್ಮ ಕಡೆಯ ಬಿಸಿಲಿಗೆ ಸೂರ್ಯನೇ ಸಾಕಪ್ಪ. ಮೋಡದ ದಿನಕ್ಕೆ ಕರೆಂಟೂ ಇರಲಿ. ಅದೇನು ದೊಡ್ಡ ಮಾತಲ್ಲ."

"ಹಾಗಾದರೆ ಕಲ್ಲಹಾಳದಲ್ಲಿ ನಾನು ಎರಡನ್ನೂ ಇಡಲೇ? ಬೆಳಿಗ್ಗೆ ಧ್ಯಾನ, ಸಂಜೆ ಭಜನೆ?"

ಅವ್ವ ಹೊಸೆದ ಬತ್ತಿಯನ್ನು ಕೆಳಗಿಟ್ಟು ಅವನ ಮುಖ ನೋಡಿದರು.

"ಬರುವುದನ್ನು ಬಿಟ್ಟರಲ್ಲ, ಅವರಲ್ಲಿ ಒಬ್ಬರ ಹೆಸರು ಹೇಳು."

ಚೆನ್ನವೀರ ಬಾಯಿ ತೆರೆದ. ಹೇಳಲು ಒಂದು ಹೆಸರೂ ಇರಲಿಲ್ಲ.