ಮುಜುರೆಕೆರೆಗೆ ಆ ಹೆಸರು ಬಂದ ಬಗೆ

ಸೊರಬದ ಸೀಮೆಯಲ್ಲಿ ಬಿದರಗೇರಿ ದಾಟಿ ಏರಿ ಹತ್ತಿದರೆ ಮುಜುರೆಕೆರೆ ಕಾಣುತ್ತದೆ. ಅದರ ಹರವು ಕಂಡು ಯಾರೂ ಬೆರಗಾಗಬೇಕಿಲ್ಲ. ನಡುಗೆರೆಯಲ್ಲಿ ನಿಂತ ಎಮ್ಮೆಗೂ ಬೆನ್ನು ಒದ್ದೆಯಾಗದಷ್ಟು ಆಳ. ತೂಬಿನ ಪಕ್ಕದಲ್ಲಿ ಒಂದು ಕಲ್ಲುಪೀಠವಿದೆ. ತಲೆಮಾರುಗಳಿಂದ ಬೆಳ್ಳಕ್ಕಿಗಳು ಹೇತು ಹೇತು ಅದು ಸುಣ್ಣ ಬಳಿದಂತಾಗಿದೆ. ಊರವರು ತೊಳೆಯುವುದಿಲ್ಲ. ಆ ಪೀಠಕ್ಕೆ ಅದೇ ತಕ್ಕ ಅಭಿಷೇಕ ಎನ್ನುತ್ತಾರೆ.

ಹಿಂದೊಮ್ಮೆ, ಯಾವ ಅರಸರ ಕಾಲವೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುವಷ್ಟು ಹಿಂದೆ, ಈ ಊರನ್ನು ಹುಚ್ಚರಾಯಗೌಡ ಆಳುತ್ತಿದ್ದ. ಬೇಸಗೆಯಲ್ಲಿ ನೀರಿಳಿದಾಗ ಊರಿಗೆ ಊರೇ ಕೆರೆಗಿಳಿದು, ತಳವಿಲ್ಲದ ಬಿದಿರ ಬುಟ್ಟಿಯಾದ ಕೂಣಿಯನ್ನು ಕೆಸರಿಗೆ ಊರಿ, ಮೇಲಿನ ಬಾಯಿಂದ ಕೈಯಿಳಿಸಿ ಮೀನು ಹಿಡಿಯುವ ಕೆರೆಬೇಟೆ ಅಲ್ಲಿನ ಪದ್ಧತಿ. ಒಂದು ವರ್ಷ ಎಲ್ಲರ ಕೂಣಿಗೂ ಮೀನು ಬಿತ್ತು. ಗೌಡನ ಕೂಣಿಗೆ ಬಿದ್ದದ್ದು ಕಪ್ಪೆ. ಕೆಲವರು ಏಡಿ ಎನ್ನುತ್ತಾರೆ. ಕಪ್ಪೆಯಾದರೆ ಕಥೆಗೆ ಮೈ ಬರುತ್ತದೆ, ಕಪ್ಪೆಯೇ ಇರಲಿ. ಕೆರೆಗೆ ಕೆರೆಯೇ ನಕ್ಕಿತು. ಮರುದಿನ ಗೌಡ ಡಂಗುರ ಹೊಡೆಸಿದ: ಮೀನೆಲ್ಲ ಕೆರೆಚೌಡಮ್ಮನ ಮಕ್ಕಳು, ಇನ್ನು ಕೂಣಿ ಊರಿದವನ ತಲೆ ಬೋಳಿಸಿ ಊರಿಂದ ಅಟ್ಟಲಾಗುವುದು. ಅಲ್ಲಿಯವರೆಗೆ ಚೌಡಮ್ಮನಿಗೆ ಒಂದು ಹೂವನ್ನೂ ಏರಿಸದವನ ಭಕ್ತಿ ಅದು!

ಹಿಡಿಯುವವರಿಲ್ಲದ ಮೇಲೆ ಮೀನು ಸಂತೆಯ ಜನದಂತೆ ಹೆಚ್ಚಿದವು. ಅಷ್ಟು ಬಾಯಿಗೆ ಮೇವೆಲ್ಲಿಂದ ಬರಬೇಕು? ತಲೆ ಬಲಿಯಿತು, ಮೈ ಬತ್ತಿತು. ಬೆಳಗಿನ ಜಾವಕ್ಕೆ ಉಸಿರೂ ಸಾಲದೆ ಕೆರೆಯ ತುಂಬ ಬಾಯಿಗಳೇ ಮೇಲೆದ್ದು ಲಪಲಪ ಎನ್ನುತ್ತಿದ್ದವು. ಚೊಂಬು ಹಿಡಿದು ಏರಿಯ ಕಡೆ ಹೋದ ಗೌಡನಿಗೆ ಒಂದು ದಿನ ಇದು ಕಣ್ಣಿಗೆ ಬಿತ್ತು. ಇವೆಲ್ಲ ತನ್ನನ್ನು ಕಂಡೇ ಎದ್ದು, ಅರಸರ ಮುಂದೆ ಬಾಗಿ ನಮಿಸುವಂತೆ, ಮುಜುರೆ ಒಪ್ಪಿಸುತ್ತಿವೆ ಎಂದು ನಂಬಲು ಅವನಿಗೆ ಕ್ಷಣವೂ ಹಿಡಿಯಲಿಲ್ಲ. ಖಾಲಿ ಕಣಜಕ್ಕೆ ಏನು ಸುರಿದರೂ ಸಲೀಸಾಗಿ ಇಳಿಯುತ್ತದೆ. ತೂಬಿನ ಬಳಿ ಪೀಠ ಹಾಕಿಸಿದ. ದಿನಾ ಅಲ್ಲಿ ಕುಳಿತು, ಮೀಸೆ ತೀಡುತ್ತ, ಹಿಡಿ ಹಿಡಿ ತೌಡೆರಚಿ ಮುಜುರೆ ಸ್ವೀಕರಿಸತೊಡಗಿದ.

ಅವನ ಅಕ್ಕ ಗುತ್ಯಮ್ಮ, ಗಂಡ ತೀರಿಕೊಂಡ ಮೇಲೆ ತವರಲ್ಲೇ ಇದ್ದವಳು, ಒಮ್ಮೆ ನೋಡಿ ಹಣೆ ಚಚ್ಚಿಕೊಂಡಳು. “ಲೋ ತಮ್ಮಾ, ಅವು ಕೈ ಮುಗೀತಿಲ್ವೋ, ಉಸ್ರು ಕಟ್ಟಿ ಬಾಯ್ ಬಿಡ್ತಿದಾವೆ. ಒಂದ್ ಬೇಟೆ ಆಡೋಕ್ ಬಿಡು, ಉಳಿದವಾದ್ರೂ ಬದುಕ್ಲಿ.”

“ನಿಂಗೆ ಹೊಟ್ಟೆಕಿಚ್ಚು ಅಕ್ಕಾ. ನಿನ್ನ ಕಂಡ್ರೆ ಒಂದು ಗೊದಮೊಟ್ಟೆನಾದ್ರೂ ಏಳ್ತದಾ?”

ಗೌಡನಿಗೆ ಬೇಕಾಗಿದ್ದದ್ದು ಕೊಡೆಯ ಮರ್ಯಾದೆ. ಅರಮನೆಯಿಂದ ಕೊಡೆ ಬಂದರೆ ಅದರ ನೆರಳಲ್ಲಿ ನಡೆಯಬಹುದು, ಸುತ್ತಲಿನ ಗೌಡರೆಲ್ಲ ಬಿಸಿಲಲ್ಲಿ ಬೆಂದುಕೊಂಡು ನೋಡಬಹುದು. ಮೀನೇ ಮುಜುರೆ ಮಾಡುವವನಿಗೆ ಸಿಗದೆ ಇನ್ಯಾರಿಗೆ ಸಿಗಬೇಕು? ಅರಮನೆಯ ಪರವಾಗಿ ಸೀಮೆ ನೋಡಿಕೊಳ್ಳುವ ಪಾರುಪತ್ಯಗಾರರಿಗೆ ಹೇಳಿಕಳಿಸಿದ. ಅವರು ಬರುವ ಹಿಂದಿನ ದಿನ, ಮುಜುರೆ ಇನ್ನಷ್ಟು ಜೋರಾಗಲೆಂದು, ಗಾಡಿಗಟ್ಟಲೆ ತೌಡು, ಹಿಂಡಿ ಕೆರೆಗೆ ಸುರಿಸಿದ. ಬೆಳಗಾಗುವಷ್ಟರಲ್ಲಿ ನೀರು ಹಳಸಿದ ಅಂಬಲಿಯಾಗಿತ್ತು.

ಪಾರುಪತ್ಯಗಾರರು ಕೊಡೆಯನ್ನೂ ಹಿಡಿಸಿಕೊಂಡೇ ಬಂದರು. ಕೆರೆಗೆ ಕೆರೆಯೇ ಬಾಯಾಗಿತ್ತು. “ನೋಡ್ಬೇಕು ಬುದ್ಧಿ, ನಮ್ಮ ಪರಿವಾರ!” ಎಂದು ಗೌಡ ಎದೆಯುಬ್ಬಿಸಿದ. ಅವರು ಒಂದು ಮೀನನ್ನು ತರಿಸಿ, ಬಾಲ ಹಿಡಿದು ತಿರುಗಿಸಿ ನೋಡಿದರು. “ಇದೇನು ಗೌಡ, ಬರೀ ತಲೆ! ಒಳಗೂ ಹೊರಗೂ ಏನೂ ಇಲ್ಲ. ಸಾಕಿದವರ ಗುಣವೋ?” ಏರಿಯ ಮೇಲಿನ ಹೆಂಗಸರು ಸೆರಗು ಕಚ್ಚಿ ನಕ್ಕರು. ಆದರೆ ಆ ನಗು ನಿಲ್ಲುವ ಮೊದಲೇ ಒಂದು ಮೀನು ಹೊಟ್ಟೆ ಮೇಲಾಯಿತು. ಮತ್ತೊಂದು. ನೋಡುತ್ತಿದ್ದಂತೆ ಕೆರೆಯ ಒಂದು ಮೂಲೆ ಬೆಳ್ಳಗಾಯಿತು.

“ಚೌಡಮ್ಮನ ಮಕ್ಕಳು ಸಾಯ್ತಿದಾವಲ್ಲಪ್ಪಾ, ಕೊಂದೋರ್ಯಾರು?” ಎಂದು ಹಿಂದಿನಿಂದ ಯಾರೋ ಕೂಗಿದರು. ಗೌಡನ ಕೈ ತಾನಾಗಿ ಪೇಟದಡಿಯ ಜುಟ್ಟು ಮುಟ್ಟಿ ನೋಡಿಕೊಂಡಿತು. ಕೂಣಿ ಊರಿದವನಿಗೇ ಬೋಳು ತಲೆಯೆಂದ ಮೇಲೆ ಕೊಂದವನಿಗೇನು? ಅಷ್ಟರಲ್ಲಿ ಗುತ್ಯಮ್ಮ ಅಟ್ಟದ ಮೇಲಿದ್ದ ಹಳೆಯ ಕೂಣಿಯನ್ನು ತಂದು ಅವನ ಕಾಲ ಬಳಿ ಒಗೆದಳು.

“ಡಂಗುರ ಹೊಡೆಸ್ದೋನು ನೀನು. ನೀನು ಊರದೆ ಇವ್ರ್ಯಾರೂ ಊರಲ್ಲ. ಇಳಿ.”

ಗೌಡ ಕೊಡೆಯ ಕಡೆ ನೋಡಿದ, ಹೊಟ್ಟೆ ಮೇಲಾದ ಮೀನಿನ ಕಡೆ ನೋಡಿದ, ಇಳಿದ. ಮೊಣಕಾಲುದ್ದದ ನೀರಲ್ಲಿ ಕೂಣಿ ಊರುವವನು ಸೊಂಟ ಮುರಿದಂತೆ ಬಾಗಲೇಬೇಕು. ಬಾಗಿದ. ಪೇಟ ಜಾರಿ ನೀರಿಗೆ ಬಿತ್ತು. ಸಾಯುವ ಮೀನುಗಳ ಮುಂದೆ ಬರಿತಲೆಯಲ್ಲಿ, ಮೂಗು ನೀರಿಗೆ ತಾಗುವಂತೆ ನಿಂತ. ಪಾರುಪತ್ಯಗಾರರು ಕೊಡೆ ಮಡಿಸಲು ಹೇಳಿದರು. “ಹ್ಞಾಂ, ಈಗ ಕಂಡೆ ಮುಜುರೆ,” ಎಂದು ಕುದುರೆ ಹತ್ತಿ ಹೊರಟೇಹೋದರು. ಆಮೇಲೆ ಊರೆಲ್ಲ ಹೋ ಎಂದು ಕೆರೆಗೆ ಧುಮುಕಿತು. ಮುಕ್ಕಾಲು ಪಾಲು ಮೀನು ಆಚೆ ಬಂದವು. ಉಳಿದವು ಎರಡು ಮಳೆಗಾಲದಲ್ಲಿ ತೋಳುಗಾತ್ರ ಬೆಳೆದವು ಎನ್ನುತ್ತಾರೆ. ತೊಡೆಗಾತ್ರ ಎನ್ನುವವರೂ ಇದ್ದಾರೆ, ಅವರ ಮಾತನ್ನೂ ತೆಗೆದುಹಾಕುವಂತಿಲ್ಲ.

ಈಗಲೂ ಕೆರೆಬೇಟೆಯ ದಿನ ಗೌಡರ ಮನೆತನದವನೊಬ್ಬ ಪೇಟ ತೆಗೆದು ಮೊದಲ ಕೂಣಿ ಊರುತ್ತಾನೆ. ಅವನು ಬಾಗುವವರೆಗೆ ಬೇರೆ ಯಾರೂ ನೀರಿಗೆ ಕಾಲಿಡುವುದಿಲ್ಲ. ಕಲ್ಲುಪೀಠದ ಮೇಲೆ ಮಾತ್ರ ಬೆಳ್ಳಕ್ಕಿ, ಗೌಡ ಕೂರುತ್ತಿದ್ದಂತೆಯೇ, ಕತ್ತು ನೀಡಿಕೊಂಡು ಕೂತಿರುತ್ತದೆ. ಮೀನು ಬಾಯಿ ತೆರೆದು ಮೇಲೆ ಬಂದರೆ ಅದನ್ನು ಮುಜುರೆಯೆಂದು ಬಗೆಯುವುದಿಲ್ಲ. ನುಂಗುತ್ತದೆ.