ಹಿಂಬಾಗಿಲಿನ ತೀರ್ಪು

ಕಥೆ ಹೇಳುವುದು ಇದೇ ಮೊದಲು. ಹೇಳುವ ರೀತಿ ಸರಿಯಿಲ್ಲದಿದ್ದರೆ ಮಕ್ಕಳೂ ದೊಡ್ಡವರೂ ದಯವಿಟ್ಟು ಕ್ಷಮಿಸಬೇಕು. ಕಥೆ ಮಾತ್ರ ಚೆನ್ನಾಗಿದೆ.

ಒಂದು ಕಾಡಿನಲ್ಲಿ ಚೆಲುವಿ ಎಂಬ ಹೆಗ್ಗಣ ಇದ್ದಳು. ಹೆಗ್ಗಣ ಎಂದರೆ ಇಲಿಯ ಜಾತಿಯೇ, ಆದರೆ ಇಲಿಗಿಂತ ದಪ್ಪ. ಮಣ್ಣು ತೋಡುವುದರಲ್ಲಿ ಚೆಲುವಿಯನ್ನು ಮೀರಿಸುವವರಿರಲಿಲ್ಲ.

ಬೇಸಿಗೆಯ ಕೊನೆಯಲ್ಲಿ ನರಿ ಅವಳ ಬಳಿ ಬಂದ. "ಚೆಲುವಕ್ಕ, ಮಳೆಗಾಲಕ್ಕೆ ಮುಂಚೆ ನನಗೊಂದು ಬಿಲ ತೋಡಿಕೊಡು. ಒಳಗಿನ ಒಂದು ಕೋಣೆ ನಿನಗೇ. ಮಳೆ ನಿಲ್ಲುವ ತನಕ ನಿನ್ನ ಊಟವೂ ನನ್ನದೇ" ಎಂದ. ಚೆಲುವಿಯ ಸ್ವಂತ ಬಿಲ ಕುಸಿದಿತ್ತು. ಅದನ್ನು ಸರಿಮಾಡಿಕೊಳ್ಳುವುದು ಬಿಟ್ಟು ಅವಳು ನರಿಯ ಕೆಲಸಕ್ಕೆ ಹೋದಳು.

ನರಿ ದಿನವೂ ಬಂದು ನಿಂತು, "ಇಲ್ಲಿ ಅಗಲ ಮಾಡು. ಹಿಂಬಾಗಿಲು ಪೊದೆಯ ಕಡೆಗೇ ಇರಲಿ!" ಎನ್ನುತ್ತಿದ್ದ. ನರಿಯ ಬಿಲಕ್ಕೆ ಹಿಂಬಾಗಿಲು ಬೇಕೇ ಬೇಕು. ಏಕೆಂದರೆ ಮುಂದಿನಿಂದ ಚಿರತೆ ಬಂದರೆ ಹಿಂದಿನಿಂದ ಓಡಬೇಕಲ್ಲ, ಅದಕ್ಕೆ. ಆ ಹಿಂಬಾಗಿಲು ತೋಡುವಾಗಲೇ ಕಲ್ಲೊಂದು ಉರುಳಿ ಚೆಲುವಿಯ ಮುಂಗಾಲಿನ ಮೇಲೆ ಬಿತ್ತು. ಹೇಗೋ ಕೆಲಸ ಮುಗಿಸಿದಳು. ಆದರೆ ಹೆಗ್ಗಣಕ್ಕೆ ಮುಂಗಾಲೇ ಗುದ್ದಲಿ. ಅದು ಕೆಟ್ಟರೆ ಬಿಲವೂ ಇಲ್ಲ, ಊಟವೂ ಇಲ್ಲ.

"ನರಿಯಣ್ಣ, ನನ್ನ ಕೋಣೆ?"

"ಯಾವ ಕೋಣೆ? ನಿನ್ನನ್ನು ಕೆಲಸಕ್ಕೆ ಕರೆದವರಾರು? ನಿನಗೆ ತೋಡುವ ಚಟ, ತೋಡಿದೆ. ಹೋಗಮ್ಮ!"

ಮೋಡ ಕಟ್ಟಿತು. ಚೆಲುವಿ ಕುಂಟಿಕೊಂಡು ಆನೆಯಜ್ಜಿಯ ಹತ್ತಿರ ಹೋದಳು. ಕಾಡಿನ ವ್ಯಾಜ್ಯಗಳನ್ನೆಲ್ಲ ಬಗೆಹರಿಸುತ್ತಿದ್ದವಳು ಅವಳೇ. ವ್ಯಾಜ್ಯ ಎಂದರೆ ಜಗಳ, ಆದರೆ ಕಚ್ಚಾಡದೆ ನ್ಯಾಯ ಕೇಳುವ ಜಗಳ.

ನರಿ ಎದೆಯುಬ್ಬಿಸಿಕೊಂಡು ಬಂದ. "ಅಜ್ಜಿ, ಇವಳು ನನ್ನ ಕೆಲಸದವಳೇ ಅಲ್ಲ. ತನ್ನಿಷ್ಟಕ್ಕೆ ಬಂದಳು, ತನ್ನಿಷ್ಟಕ್ಕೆ ತೋಡಿದಳು. ಕಾಲಿಗೆ ಪೆಟ್ಟಾದರೆ ನಾನೇನು ಮಾಡಲಿ?"

"ತೋಡು ಅಂತ ನೀನು ಹೇಳಲೇ ಇಲ್ಲವೇನಪ್ಪ?"

"ಒಂದು ಮಾತೂ ಹೇಳಿಲ್ಲ!"

ಚೆಲುವಿ ಸುತ್ತಲೂ ನೋಡಿದಳು. ನರಿ ಮಾತು ಕೊಟ್ಟಾಗ ಹತ್ತಿರ ಯಾರೂ ಇರಲಿಲ್ಲ. ಸಾಕ್ಷಿಯನ್ನು ಎಲ್ಲಿಂದ ತರುವುದು?

ಆನೆಯಜ್ಜಿ ಕಿವಿ ಬೀಸಿದಳು. "ಹಾಗಾದರೆ ಸುಲಭವಾಯಿತು. ತನಗಾಗಿ ತೋಡಿಕೊಂಡವರದೇ ಬಿಲ. ಇದು ನಮ್ಮ ಕಾಡಿನ ಕಟ್ಟಳೆ. ಚೆಲುವಿ, ಆ ಬಿಲ ಪೂರ್ತಿ ನಿನ್ನದು."

ನರಿ ಹೌಹಾರಿದ. "ಅಯ್ಯಯ್ಯೋ, ಅದು ನನ್ನ ಬಿಲ ಅಜ್ಜಿ! ದಿನವೂ ಬಿಸಿಲಲ್ಲಿ ನಿಂತು ತೋಡಿಸಿದವನು ನಾನು! ಹಿಂಬಾಗಿಲು ಪೊದೆಯ ಕಡೆಗಿರಲಿ ಅಂತ ಹೇಳಿದ್ದೂ ನಾನೇ! ಇವಳ ತಲೆಗೆ ಅದೆಲ್ಲಿ ಹೊಳೆಯುತ್ತಿತ್ತು?"

ಕೊಂಬೆಯ ಮೇಲಿದ್ದ ಕೋತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಒಂದು ಮಾತೂ ಹೇಳಿಲ್ಲ ಅಂದೆಯಲ್ಲೋ!"

ನರಿ ತಟ್ಟನೆ ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ತಡವಾಗಿತ್ತು.

"ತೋಡಿಸಿದವನು ನೀನು ಅಂದಮೇಲೆ, ಕೆಲಸಕ್ಕೆ ಹಚ್ಚಿದವನೂ ನೀನೇ" ಎಂದಳು ಆನೆಯಜ್ಜಿ. "ಬಿಲ ನಿನ್ನದೇ ಇರಲಿ. ಒಳಗಿನ ಕೋಣೆ ಅವಳದು. ಮಳೆ ನಿಲ್ಲುವ ತನಕ ಅವಳ ಊಟ ನಿನ್ನದು. ಕಾಲು ವಾಸಿಯಾಗುವವರೆಗೆ ಆರೈಕೆಯೂ ನಿನ್ನದೇ."

ಆ ಮಳೆಗಾಲವಿಡೀ ನರಿ ತೊಯ್ದ ಬಾಲ ಎಳೆದುಕೊಂಡು ಕಾಡುಗೆಣಸು ಹೊತ್ತು ತಂದ. ಚೆಲುವಿ ಬೆಚ್ಚಗೆ ಕೂತು, "ಮಣ್ಣು ಒರೆಸಿ ಕೊಡು ನರಿಯಣ್ಣ, ಹಲ್ಲಿಗೆ ಸಿಕ್ಕುತ್ತದೆ" ಎನ್ನುತ್ತಿದ್ದಳು.

ನೀತಿ: ಕೆಲಸ ಮಾಡಿಸಿಕೊಳ್ಳುವಾಗ ಯಜಮಾನನಾದವನು, ಕೆಲಸದವರಿಗೆ ನೋವಾದಾಗಲೂ ಯಜಮಾನನಾಗಿಯೇ ಇರಬೇಕು.

ಅಂದರೆ, ಇಲ್ಲಿ ನರಿ ಎಂದರೆ ಬರೀ ನರಿಯಲ್ಲ, ಹೆಗ್ಗಣ ಎಂದರೂ ಬರೀ... ಅಗೋ, ಒಳಗಿನಿಂದ ಅತ್ತಿಗೆ ಕರೆಯುತ್ತಿದ್ದಾರೆ. ಬಂದೆ ಅತ್ತಿಗೆ, ಬಂದೆ!